ಸ್ನೇಹಲತಾ ಹೊರಿಸಿದ ಮೂರು ಒಳಭಾರಗಳು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸ್ನೇಹಲತಾ ಲ್ಯಾಬಿನಲ್ಲಿ ರಕ್ತದ ನಳಿಕೆಗಳನ್ನು ಎದುರುಬದುರಾಗಿ ಜೋಡಿಸಿ ಯಂತ್ರದ ಮುಚ್ಚಳ ಹಾಕುತ್ತಿದ್ದಳು. ಎರಡೂ ಕಡೆ ತೂಕ ಸಮ ಇರದಿದ್ದರೆ ಆ ಯಂತ್ರ ತಿರುಗುವಾಗ ಮೇಜನ್ನೂ ಅದುರಿಸುತ್ತದೆ. ಹಾಗಾಗಿ ಮುಚ್ಚುವ ಮುನ್ನ ಇನ್ನೊಮ್ಮೆ ಬಗ್ಗಿ ನೋಡುವುದು ಅವಳ ರೂಢಿ. ಬಗ್ಗಿದ್ದಾಗಲೇ ಏಪ್ರನ್ನಿನ ಜೇಬಿನಲ್ಲಿದ್ದ ಫೋನು ನಡುಗಿತು.

ಫೋನು ಮಾಡಿದವರು ಹೈದರಾಬಾದಿನ ಇನ್ನೊಂದು ತುದಿಯ ಮಣಿಕೊಂಡದ ವಿಮಲಾಬಾಯಿ. ಅವರ ಮಗ ನಿಶಾಂತನಿಗೂ ಸ್ನೇಹಲತಾಳ ಒಬ್ಬಳೇ ಮಗಳು ದೀಪ್ತಿಗೂ ಮಾತುಕತೆ ಮುಗಿದು, ಮೂರು ವಾರದ ಮೇಲಿನ ಭಾನುವಾರಕ್ಕೆ ನಿಶ್ಚಿತಾರ್ಥ ಗೊತ್ತಾಗಿತ್ತು. ಅಂದು ಪ್ರಾರ್ಥನೆ ನಡೆಸುವ ಅಯ್ಯನವರು ಯಾರು, ಊಟಕ್ಕೆ ಬಿರಿಯಾನಿಯೋ ಬಗಾರಾ ಅನ್ನವೋ ಎಂದೆಲ್ಲ ವಿಚಾರಿಸಿದ ಮೇಲೆ ವಿಮಲಾಬಾಯಿ ದನಿ ತಗ್ಗಿಸಿದರು.

“ದೀಪ್ತಿ ಎದಿ ಈಗ ಹೆಂಗೈತ್ರಿ? ನಾವು ದಿನಾ ಪ್ರಾರ್ಥನಾದಾಗ ಆಕಿ ಹೆಸರು ಹಿಡಿಯಾಕತ್ತೀವಿ.”

ಸ್ನೇಹಲತಾಳ ಕೈ ಮುಚ್ಚಳದ ಮೇಲೆ ಹಾಗೇ ನಿಂತಿತು. “ಏನಿಲ್ರಿ, ಒಂದೀಟು ನೆಗಡಿ ಆಗಿತ್ತು. ಈಗ ಆರಾಮ ಅದಾಳ” ಎಂದಳು. ರೋಗಿಗಳು ಕಾಯುತ್ತಿದ್ದಾರೆಂದು ಹೇಳಿ ಫೋನಿಟ್ಟಳು. ಕಾಯುತ್ತಿದ್ದವರು ಯಾರೂ ಇರಲಿಲ್ಲ.

ದೀಪ್ತಿಗೆ ಆಗಿದ್ದದ್ದು ನೆಗಡಿಯಲ್ಲ, ಕ್ಷಯ. ಅದು ಎರಡು ವರ್ಷದ ಹಿಂದಿನ ಮಾತು. ಒಂದು ದಿನವೂ ತಪ್ಪದೆ ಗುಳಿಗೆ ನುಂಗಿ ಮುಗಿಸಿದ್ದಳು. ಕಫದ ಪರೀಕ್ಷೆಯೂ ಎಕ್ಸ್‌ರೇಯೂ ಸ್ವಚ್ಛ ಎಂದು ಬಂದಿದ್ದವು. ವಾಸಿಯಾದವರಿಂದ ಆ ರೋಗ ಇನ್ನೊಬ್ಬರಿಗೆ ಅಂಟುವುದಿಲ್ಲವೆಂಬುದು ಹಿಮಾಯತ್‌ನಗರದ ಆ ಲ್ಯಾಬಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಸ್ನೇಹಲತಾಳಿಗೆ ಚೆನ್ನಾಗಿ ಗೊತ್ತಿತ್ತು. ಹೆಣ್ಣು ನೋಡಲು ಬರುವವರಿಗೆ ಅದು ಗೊತ್ತಿರುವುದಿಲ್ಲವೆಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಜಹೀರಾಬಾದಿನ ಕಡೆಯ ಒಂದು ಸಂಬಂಧ ಎಲ್ಲ ಕೂಡಿಬಂದ ಮೇಲೆ, “ಹುಡುಗಿಗೆ ಎದಿ ರೋಗ ಐತಂತ” ಎಂದು ಮಧ್ಯಸ್ಥನ ಬಾಯಲ್ಲಿ ಹೇಳಿ ಕಳಿಸಿ ಹಿಂದೆ ಸರಿದಿತ್ತು. ಆಗ ಅವಳು ಕೆಳಗಿನ ಮನೆಯವರ ಮೇಲೆ ಅನುಮಾನ ಪಟ್ಟಿದ್ದಳು. ಗುಳಿಗೆಯ ಖಾಲಿ ಪಟ್ಟಿಗಳನ್ನು ಅವರು ಕಸದ ಬುಟ್ಟಿಯಲ್ಲಿ ನೋಡಿರಬೇಕು ಎಂದು. ಆ ಮನೆಯವರು ಊರು ಬಿಟ್ಟು ಹೋಗಿ ತಿಂಗಳುಗಳಾಗಿದ್ದವು. ಅವರಿಗೂ ಮಣಿಕೊಂಡಕ್ಕೂ ಎತ್ತಣಿಂದೆತ್ತ ಸಂಬಂಧ?

ಹಾಗಾದರೆ ಹೇಳಿದವರು ಯಾರು? ಆ ರೋಗದ ಹೆಸರನ್ನು ಅವಳ ಬಾಯಿಂದಲೇ ಕೇಳಿದ್ದವರು ಮೂರು ಮಂದಿ. ಮೂವರೂ ಪ್ರತಿ ಶನಿವಾರ ಸಂಜೆ ಅವಳ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡುವವರು.

ಆ ಶನಿವಾರದ ಕೂಟ ನಡೆಯುತ್ತಿದ್ದದ್ದು ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕರುಣಾಬಾಯಿಯವರ ಮನೆಯಲ್ಲಿ. ಹೈದರಾಬಾದಿನ ಕನ್ನಡ ಕ್ರೈಸ್ತ ಸಭೆಯವರದು ಸಣ್ಣ ಮಂದೆ. ರಾಯಚೂರು, ಯಾದಗಿರಿ, ಬೀದರ ಕಡೆಯಿಂದ ಬಂದವರು. ಭಾನುವಾರ ತೆಲುಗಿನವರ ಆರಾಧನೆ ಮುಗಿದು ಅವರು ಹೊರಬಂದ ಮೇಲೆ ಅದೇ ಬೆಂಚುಗಳಲ್ಲಿ ಕೂತು ಕನ್ನಡದಲ್ಲಿ ಹಾಡಿ ಮನೆಗೆ ಹೋಗುವವರು. ಸಭೆಯಲ್ಲಿ ಮಾತು ಬೇಗ ಹರಡುತ್ತದೆ. ಅದಕ್ಕೇ ಕರುಣಾಬಾಯಿ ನಾಲ್ಕೇ ಮಂದಿಯ ಕೂಟ ಕಟ್ಟಿದ್ದರು, ಅದಕ್ಕೊಂದು ಪದ್ಧತಿಯನ್ನೂ ಮಾಡಿದ್ದರು. ಅಲ್ಲಿ ತನ್ನ ಕಷ್ಟಕ್ಕೆ ತಾನೇ ಬೇಡಿಕೊಳ್ಳುವಂತಿಲ್ಲ. ಹೇಳಬೇಕು, ಉಳಿದವರು ಹೊರಬೇಕು. ಹೊತ್ತವರು ಶುಕ್ರವಾರ ಒಂದು ಹೊತ್ತಿನ ಊಟ ಬಿಡಬೇಕು. ಕಷ್ಟ ಕಳೆದ ಮೇಲೆ ಹೇಳಿದವಳೇ ಬಂದು “ಇಳಿಸ್ರಿ” ಅನ್ನಬೇಕು. ಅಲ್ಲಿಯ ತನಕ ಇಳಿಸುವ ಹಾಗಿಲ್ಲ. ಎಲ್ಲರೆದುರು ಹೇಳಲಾರದ್ದು ಏನಾದರೂ ಇದ್ದರೆ ಒಬ್ಬರಿಗೆ ಮಾತ್ರ ಹೇಳಬಹುದು. ಅದಕ್ಕೆ ಅವರು ಒಳಭಾರ ಎನ್ನುತ್ತಿದ್ದರು. ಒಳಭಾರ ಹೊತ್ತವರು ಅದನ್ನು ಕೂಟದಲ್ಲೂ ಬಾಯಿಬಿಡುವಂತಿಲ್ಲ, ಪ್ರಾರ್ಥಿಸುವಾಗಲೂ ಗಟ್ಟಿಯಾಗಿ ಅನ್ನುವಂತಿಲ್ಲ.

ದೀಪ್ತಿ ಕೆಮ್ಮುತ್ತಿದ್ದ ದಿನಗಳಲ್ಲಿ ಸ್ನೇಹಲತಾ ಆ ಭಾರವನ್ನು ಮೂವರ ಮುಂದೆಯೂ ಇಟ್ಟಿದ್ದಳು. ಮೂವರೂ ಗುಳಿಗೆ ಮುಗಿಯುವ ತನಕ ಹೊತ್ತಿದ್ದರು. ಈಗ ಆ ಮೂವರ ಮುಖಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದಳು.

ಮೊದಲನೆಯವರು ಕರುಣಾಬಾಯಿ. ಎಪ್ಪತ್ತು ದಾಟಿದವರು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಸಭೆಗೆಲ್ಲ ಅಕ್ಕೋರು. ವಿಮಲಾಬಾಯಿಯ ನಾದಿನಿ ಅವರ ಹಳೆಯ ವಿದ್ಯಾರ್ಥಿನಿ. ಎರಡನೆಯವಳು ರೂತಮ್ಮ, ಬ್ಲೌಸ್ ಹೊಲಿಯುವವಳು. ವಿಮಲಾಬಾಯಿ ಮಣಿಕೊಂಡದಿಂದ ಇಲ್ಲಿಯ ತನಕ ಬಂದು ಅವಳ ಹತ್ತಿರವೇ ಹೊಲಿಸುತ್ತಾರೆ. ಅಳತೆ ಕೊಡುವಾಗ ಹೆಂಗಸರು ಏನೇನು ಮಾತಾಡುವುದಿಲ್ಲ? ಮೂರನೆಯವಳು ಸುವಾರ್ತಾ. ಬ್ಯಾಂಕಿನಲ್ಲಿ ಕೆಲಸ, ಸ್ನೇಹಲತಾಳ ವಾರಿಗೆಯವಳು, ನಾಲಿಗೆ ಚುರುಕು. ಅವಳ ತಮ್ಮನ ಮನೆ ಇರುವುದು ವಿಮಲಾಬಾಯಿಯ ಅಪಾರ್ಟ್‌ಮೆಂಟಿನಲ್ಲೇ. ದಾರಿ ಮೂವರಿಗೂ ಇತ್ತು. ಮೂವರ ಮೇಲೂ ಅನುಮಾನ ಸಮವಾಗಿ ನಿಂತಿತು.

ನೇರವಾಗಿ ಕೇಳಬಹುದಿತ್ತು. ಆದರೆ ಕೇಳಿದರೆ ಮೂವರೂ ಇಲ್ಲವೆನ್ನುತ್ತಾರೆ, ಹೇಳಿದವಳು ಉಳಿದಿಬ್ಬರಿಗಿಂತ ಗಟ್ಟಿಯಾಗಿ ಇಲ್ಲವೆನ್ನುತ್ತಾಳೆ. ವಿಮಲಾಬಾಯಿಯನ್ನು ಕೇಳಲು ಬಾಯೇ ಇರಲಿಲ್ಲ, ನೆಗಡಿ ಎಂದು ಹೇಳಿಯಾಗಿತ್ತು. ದೀಪ್ತಿಗೆ ತಿಳಿಸಿದರೆ ಹುಡುಗಿ ಈಗಲೇ ಹೆದರಿ ಬಾಡಿಹೋದಾಳು ಎಂದುಕೊಂಡು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಈ ಸಂಬಂಧವೂ ಮುರಿದರೆ ಮಗಳು ಇನ್ನೊಬ್ಬರ ಎದುರು ತಟ್ಟೆ ಹಿಡಿದು ಬರಲು ಒಪ್ಪುವುದಿಲ್ಲವೆಂಬುದು ತಾಯಿಗೆ ಗೊತ್ತಿತ್ತು. ಹೋದ ವರ್ಷ ಅಷ್ಟು ಮಾತನ್ನು ಅವಳು ಸ್ಪಷ್ಟವಾಗಿಯೇ ಹೇಳಿದ್ದಳು.

ಉಪಾಯ ಹೊಳೆದದ್ದು ಲ್ಯಾಬಿನಲ್ಲೇ. ಯಂತ್ರದ ಮೇಲೆ ಅನುಮಾನ ಬಂದರೆ ಅಲ್ಲಿ ರೋಗಿಯ ರಕ್ತ ಹಾಕಿ ಪರೀಕ್ಷಿಸುವುದಿಲ್ಲ. ಫಲಿತಾಂಶ ಮೊದಲೇ ಗೊತ್ತಿರುವ ಒಂದು ಮಾದರಿ ಹಾಕುತ್ತಾರೆ. ಯಂತ್ರ ಬೇರೆ ಏನಾದರೂ ಹೇಳಿದರೆ ಕೆಟ್ಟಿರುವುದು ಯಂತ್ರವೇ ಎಂದು ಖಾತ್ರಿ. ಹಾಗೆಯೇ ಒಬ್ಬೊಬ್ಬರಿಗೆ ಒಂದೊಂದು ಒಳಭಾರ ಹೊರಿಸಿದರೆ? ಮೂರೂ ಬೇರೆ ಬೇರೆ, ಮೂರೂ ಸುಳ್ಳು. ವಿಮಲಾಬಾಯಿಯ ಬಾಯಿಂದ ಯಾವುದು ತಿರುಗಿ ಬರುತ್ತದೋ ಅದನ್ನು ಹೊತ್ತವಳೇ ಸೋರುವವಳು. ಸುಳ್ಳು ಹೇಳುವುದು ತಪ್ಪೆಂದು ಅವಳಿಗೆ ಅನಿಸದೆ ಇರಲಿಲ್ಲ. ಆದರೆ ಪರೀಕ್ಷೆಯ ಮಾದರಿಯನ್ನು ಯಾರೂ ಸುಳ್ಳು ರಕ್ತ ಅನ್ನುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ಕೂಟಕ್ಕೆ ಎಲ್ಲರಿಗಿಂತ ಮೊದಲು ಹೋದಳು. ರೂತಮ್ಮ ಚಪ್ಪಲಿ ಬಿಡುವಾಗ ಅವಳ ಕಿವಿಯಲ್ಲಿ, ಮನೆಯ ಮಾಲಕರು ಮದುವೆಗೆ ಮೊದಲೇ ಮನೆ ಖಾಲಿ ಮಾಡಿರೆಂದಿದ್ದಾರೆ ಎಂದಳು. ಪ್ರಾರ್ಥನೆ ಮುಗಿದು ಚಹಾ ಕಾಯಿಸುವಾಗ ಸುವಾರ್ತಾಳನ್ನು ಅಡುಗೆಮನೆಯ ಮೂಲೆಗೆ ಕರೆದು, ರಾಯಚೂರಿನ ಅಣ್ಣ ತನ್ನ ಮೇಲೆ ಕೋರ್ಟಿಗೆ ಹೋಗಿದ್ದಾನೆ ಎಂದಳು. ಇಬ್ಬರೂ ಹೊರಟ ಮೇಲೆ ಅಕ್ಕೋರ ಬಳಿ ಕೂತು, ಕುತ್ತಿಗೆಯ ಪಕ್ಕದಲ್ಲಿ ಗಂಟು ಸಿಕ್ಕಿದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಂತೆ ಎಂದಳು. ಲ್ಯಾಬಿನವಳ ಬಾಯಿಂದ ಬಂದ ಮಾತು, ನಂಬದಿರಲು ಕಾರಣವಿರಲಿಲ್ಲ. ಅಕ್ಕೋರು ಅವಳ ಕುತ್ತಿಗೆಯನ್ನು ಮುಟ್ಟಿ ನೋಡಲು ಕೈ ಚಾಚಿದರು. ಸ್ನೇಹಲತಾ ಸೆರಗು ಎಳೆದುಕೊಂಡು ಹಿಂದೆ ಸರಿದಳು.

“ದೀಪ್ತಿಗೆ ಹೇಳೀಯೇನು?” ಎಂದು ಕೇಳಿದರು.

“ಇಲ್ರಿ. ನಿಮಗಷ್ಟ.”

“ಆತು. ನಾ ಹೊತ್ತೆ” ಎಂದರು ಅಕ್ಕೋರು.

ಮುಂದಿನ ದಿನಗಳಲ್ಲಿ ಸ್ನೇಹಲತಾ ನೋಡುವುದೇ ಕೆಲಸ ಮಾಡಿಕೊಂಡಳು. ಅನುಮಾನದ ಕಣ್ಣಿಗೆ ಎಲ್ಲರೂ ಕಳ್ಳರಂತೆಯೇ ಕಂಡರು. ಸೋಮವಾರ ಲ್ಯಾಬಿನಿಂದ ಬರುವಾಗ ತನ್ನ ಗಲ್ಲಿಯ ತಿರುವಿನಲ್ಲಿ ರೂತಮ್ಮ ಯಾರೋ ಗಂಡಸಿನ ಜೊತೆ ತೆಲುಗಿನಲ್ಲಿ ಪಿಸುಗುಡುತ್ತಿದ್ದಳು. ಇವಳನ್ನು ಕಂಡೊಡನೆ ಮಾತು ನುಂಗಿ, ಹೊಲಿಗೆ ಯಂತ್ರದ ಬಾಬಿನ್ ತರಲು ಬಂದಿದ್ದೆ ಎಂದಳು. ಆ ಗಲ್ಲಿಯಲ್ಲಿ ಬಾಬಿನ್ ಮಾರುವ ಅಂಗಡಿಯೇ ಇಲ್ಲ. ದಿನಕ್ಕೆರಡು ಸಲ ಫೋನು ಮಾಡಿ ಬ್ಯಾಂಕಿನ ಮ್ಯಾನೇಜರನನ್ನು ಬಯ್ಯುತ್ತಿದ್ದ ಸುವಾರ್ತಾ ಒಮ್ಮೆಲೇ ಮೌನವಾದಳು. ಸ್ನೇಹಲತಾಳೇ ಫೋನು ಮಾಡಿದರೂ, ಕೆಲಸ ಐತಿ ಎಂದು ಇಟ್ಟುಬಿಡುತ್ತಿದ್ದಳು. ತಮ್ಮನ ಮಗನ ಹುಟ್ಟುಹಬ್ಬಕ್ಕೂ ಮಣಿಕೊಂಡಕ್ಕೆ ಹೋಗಲಿಲ್ಲವಂತೆ. ಹೇಳಿಬಿಟ್ಟವಳಿಗೆ ಮುಖ ತೋರಿಸಲು ಅಂಜಿಕೆ ಇರುವುದು ಸಹಜ ಎಂದು ಸ್ನೇಹಲತಾ ತರ್ಕಿಸಿದಳು. ಇನ್ನು ಅಕ್ಕೋರು. ಮುಂದಿನ ಶನಿವಾರ ಅವರ ಕೆನ್ನೆ ಒಳಗೆ ಹೋಗಿತ್ತು. ಪ್ರಾರ್ಥನೆಯ ನಡುವೆ ದನಿ ತಡೆಯಿತು. ಸ್ನೇಹಲತಾ ಒಂದು ಕಣ್ಣು ತೆರೆದು ನೋಡಿದಳು. ಅಕ್ಕೋರು ಕಣ್ಣು ಬಿಟ್ಟು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡರು.

ಆ ಹದಿನೈದು ದಿನ ಸ್ನೇಹಲತಾಳಿಗೆ ಪ್ರಾರ್ಥನೆಯೇ ಆಗಲಿಲ್ಲ. ಇನ್ನೊಬ್ಬರ ಸಲುವಾಗಿ ಬೇಡುವಾಗಲೂ ಕಿವಿ ಪಕ್ಕದವಳ ಉಸಿರಿನ ಮೇಲಿರುತ್ತಿತ್ತು. ರೂತಮ್ಮನ ಮಗನ ಪರೀಕ್ಷೆಯನ್ನು ಅವಳು ಹೊತ್ತಿದ್ದಳು. ಎರಡು ಶುಕ್ರವಾರವೂ ಊಟ ಬಿಡುವುದನ್ನು ಮರೆತು ಡಬ್ಬಿ ಖಾಲಿ ಮಾಡಿದ ಮೇಲೆ ನೆನಪಾಯಿತು.

ಅಷ್ಟರಲ್ಲಿ ವಿಮಲಾಬಾಯಿಯ ಫೋನು ಎರಡು ಬಾರಿ ಬಂತು. ಎರಡು ಬಾರಿಯೂ ಸ್ನೇಹಲತಾ ಕಿವಿಗೊಟ್ಟು ಕಾದಳು. ಮನೆ ಖಾಲಿ ಮಾಡುವ ಮಾತಿಲ್ಲ, ಕೋರ್ಟಿನ ಮಾತಿಲ್ಲ, ಗಂಟಿನ ಮಾತೂ ಇಲ್ಲ. ಸೀರೆಯ ಬಣ್ಣದ ಮಾತು, ನಿಶಾಂತನ ಆಫೀಸಿನ ರಜೆಯ ಮಾತು. ಯಾವ ಮಾದರಿಯೂ ತಿರುಗಿ ಬರಲಿಲ್ಲ. ಇದರಿಂದ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಮೂವರೂ ಕೂಡಿ ಮಾತಾಡಿಕೊಂಡು ಹುಷಾರಾಗಿರಬೇಕು ಎಂದು ಹೊಸ ಅನುಮಾನ ಹುಟ್ಟಿತು.

ನಿಶ್ಚಿತಾರ್ಥಕ್ಕೆ ಒಂದು ವಾರ ಉಳಿದಿತ್ತು. ಶುಕ್ರವಾರ ಮಧ್ಯಾಹ್ನ ಲ್ಯಾಬಿನ ಮೆಟ್ಟಿಲು ಹತ್ತಿ ಅಕ್ಕೋರು ಬಂದರು. ಕೆಳಗೆ ಸೀರೆ ಅಂಗಡಿ, ಮೇಲಿನ ಮಹಡಿಯಲ್ಲಿ ಲ್ಯಾಬು, ಮೆಟ್ಟಿಲು ಕಡಿದು. ಬಂದವರೇ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಬೆರಳುಗಳು ನಡುಗುತ್ತಿದ್ದವು. ಸ್ನೇಹಲತಾ ಹೆಸರು ಹಿಡಿದು ಕರೆದರೆ ಅವರು ಗೋಡೆಯ ಕಡೆ ನೋಡಿ “ಹೂಂ” ಎಂದರು. ಇದೇನು ನಾಟಕವೇ ಎಂದು ಒಂದು ಕ್ಷಣ ಅವಳ ಮನಸ್ಸಿಗೆ ಬಂತು. ಬಂದದ್ದಂತೂ ನಿಜ. ಅಷ್ಟರಲ್ಲಿ ಕೈಗಳು ತಮ್ಮ ಪಾಡಿಗೆ ಸೂಜಿ ತೆಗೆದು ಬೆರಳು ಚುಚ್ಚಿ, ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದ್ದವು. ಸಕ್ಕರೆಯ ಅಂಕಿ ಐವತ್ತರ ಕೆಳಗೆ ಇಳಿದಿತ್ತು. ಮೀಟರಿನ ಮುಂದೆ ಯಾರ ನಾಟಕವೂ ನಡೆಯುವುದಿಲ್ಲ.

ಗ್ಲೂಕೋಸ್ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ನಿಧಾನವಾಗಿ ಅಕ್ಕೋರ ಕಣ್ಣಿಗೆ ಗುರುತು ಬಂತು. ಮೊದಲು ಮಾಡಿದ ಕೆಲಸವೆಂದರೆ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ್ದು.

“ನಿನ್ನ ಗಂಟಿನ ರಿಪೋರ್ಟ್ ಬಂತೇನು?” ಎಂದರು ಸಣ್ಣ ದನಿಯಲ್ಲಿ. “ಅದನ್ನ ಕೇಳಾಕ ಬಂದೆ. ಫೋನಿನಾಗ ಕೇಳಿದ್ರ ಯಾರರ ಕೇಳಿಸ್ಕೊಂಡಾರು.”

“ಮೊದಲು ನೀವು ಹೇಳ್ರಿ. ಊಟ ಮಾಡೀರೇನು?”

“ಇವತ್ತ ಶುಕ್ರವಾರ.”

“ಒಂದು ಹೊತ್ತು ಬಿಟ್ರ ಇಷ್ಟು ಇಳಿಯಂಗಿಲ್ಲ ಅಕ್ಕೋರ.”

ಅಕ್ಕೋರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನೋಡಿದರು. “ಗಂಟು ಅಂದ್ರ ಸಣ್ಣ ಮಾತಲ್ಲ. ಒಂದು ಹೊತ್ತು ಸಾಲದು ಅನಿಸ್ತು. ಬುಧವಾರ, ಶುಕ್ರವಾರ, ಎರಡೂ ದಿನ ಪೂರಾ ಬಿಟ್ಟೆ.”

“ಮತ್ತ ಸಕ್ಕರಿ ಗುಳಿಗಿ?”

“ಗುಳಿಗಿ ಬಿಡಬ್ಯಾಡ್ರಿ ಅಂತ ಡಾಕ್ಟ್ರು ಹೇಳ್ಯಾರ. ಅದನ್ನ ತಗೊಂಡೀನಿ.”

ಖಾಲಿ ಹೊಟ್ಟೆಯಲ್ಲಿ ಆ ಗುಳಿಗೆ ನುಂಗಿದರೆ ಏನಾಗುತ್ತದೆ ಎಂದು ಸ್ನೇಹಲತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ರೈಲಿನಲ್ಲೋ ರಸ್ತೆ ದಾಟುವಾಗಲೋ ಹೀಗಾಗಿದ್ದರೆ? ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

“ಗಂಟಿಲ್ರಿ ಅಕ್ಕೋರ.”

ಅಕ್ಕೋರು ಲೋಟ ಕೆಳಗಿಟ್ಟರು. ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, “ಸ್ತೋತ್ರ ಸ್ವಾಮಿ” ಎಂದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. “ಕರಗಿತೇನು?”

“ಕರಗಿಲ್ರಿ. ಮೊದಲಿಂದನೂ ಇರಲಿಲ್ಲ.”

ಎತ್ತಿದ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಮಡಿಲಿಗೆ ಬಂದವು. ಸ್ನೇಹಲತಾ ಎಲ್ಲವನ್ನೂ ಹೇಳಿದಳು: ವಿಮಲಾಬಾಯಿಯ ಫೋನು, ಮೂವರ ಮೇಲಿನ ಅನುಮಾನ, ಯಂತ್ರಕ್ಕೆ ಹಾಕುವ ಮಾದರಿ, ರೂತಮ್ಮನಿಗೆ ಹೇಳಿದ್ದೇನು, ಸುವಾರ್ತಾಳಿಗೆ ಹೇಳಿದ್ದೇನು. ಹೇಳುವಾಗ ತಲೆ ಎತ್ತಲಿಲ್ಲ. ಒಳಗೆ ಯಂತ್ರ ತಿರುಗಿ ನಿಂತು, ಕೆಲಸ ಮುಗಿಯಿತೆಂದು ಕೂಗಿತು. ಯಾರೂ ಎದ್ದು ಹೋಗಲಿಲ್ಲ.

ಅಕ್ಕೋರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಬಯ್ಯುತ್ತಾರೆಂದು ಅವಳು ಕಾದಳು. ಅವರು ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ಕೇಳುವ ಹಾಗೆ ಕೇಳಿದರು.

“ಖರೇದನ್ನ ಯಾರಿಗೆ ಹೊರಿಸಿದಿ?”

“ಯಾವ ಖರೇದು?”

“ದೀಪ್ತಿದು. ಲಗ್ನ ಮುರಿದೀತು ಅಂತ ನಿನ್ನ ಎದಿ ಒಡಿಯಾಕತ್ತಿದ್ದು. ಅದನ್ನ ಯಾರಿಗೆ ಹೇಳಿದಿ?”

“ಯಾರಿಗೂ ಇಲ್ರಿ.”

“ಅಂದ್ರ ಇಷ್ಟು ದಿನ ನಾವು ಮೂರು ಮಂದಿ ಇಲ್ಲದ ಗಂಟಿಗೆ, ಇಲ್ಲದ ಕೋರ್ಟಿಗೆ ಮೊಣಕಾಲೂರಿದಿವಿ. ಆ ಹುಡುಗಿಗೆ ಒಬ್ಬರೂ ಇರಲಿಲ್ಲ.” ಅವರ ದನಿ ಏರಲಿಲ್ಲ. “ನನ್ನ ಉಪವಾಸ ಹೋದ್ರ ಹೋಗ್ಲಿ ಬಿಡು. ಆಕಿಯನ್ನ ಒಂಟಿ ಮಾಡಿದಿ ನೋಡು, ಅದು ನನಗ ತಡಿಯಂಗಿಲ್ಲ.”

ಸ್ನೇಹಲತಾ ಕೆಳಗಿದ್ದ ಲೋಟ ಎತ್ತಿಕೊಂಡಳು. ಅಕ್ಕೋರು ಬಿಡಲಿಲ್ಲ.

“ಯಾರು ಹೇಳಿದ್ರು ಅಂತ ಎಲ್ಲಾರನ್ನೂ ಪರೀಕ್ಷಾ ಮಾಡಿದಿ. ದೀಪ್ತಿಗೆ ಕೇಳಿದೇನು?”

ಅದನ್ನು ಅವಳು ಮಾಡಿರಲಿಲ್ಲ. ಪರೀಕ್ಷೆಯ ಯೋಚನೆ ಬಂದಾಗ ಆ ಹೆಸರು ಲೆಕ್ಕದಲ್ಲೇ ಇರಲಿಲ್ಲ. ಅಕ್ಕೋರಿಗೆ ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿ ತಿನ್ನಿಸಿ, ಇನ್ನೊಮ್ಮೆ ಬೆರಳು ಚುಚ್ಚಿ ಅಂಕಿ ಏರಿದ್ದನ್ನು ನೋಡಿ, ಆಟೋದಲ್ಲಿ ತಾನೇ ಮನೆ ಮುಟ್ಟಿಸಿದಳು.

ಸಂಜೆ ಮನೆಯಲ್ಲಿ ದೀಪ್ತಿ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ ಅವಳದು. ತಾಯಿ ಎದುರು ಕೂತು, ಮಣಿಕೊಂಡದವರಿಗೆ ವಿಷಯ ಗೊತ್ತಾಗಿದೆ ಎಂದು ಹೇಳಿದಳು. ಯಾರು ಹೇಳಿರಬಹುದು ಎಂದಳು. ದೀಪ್ತಿ ಕೆಂಪು ಪೆನ್ನಿನ ಟೋಪಿ ಹಾಕಿದಳು.

“ನಾನೇ ಹೇಳಿದೆ ಮಮ್ಮಿ. ಮೊದಲ ಸಲ ಭೆಟ್ಟಿ ಆದಾಗನ.”

“ಯಾಕ?”

“ಹೋದ ಸಲ ನೀ ಮುಚ್ಚಿಟ್ಟಿ, ಬ್ಯಾರೆಯವರು ಹೇಳಿದ್ರು. ಈ ಸಲ ನಾನ ಹೇಳಿದೆ.”

“ಅವರು ಏನಂದ್ರು?”

“ನಿಶಾಂತ ತನಗ ಗೊತ್ತಿದ್ದ ಡಾಕ್ಟ್ರ ಕಡೆ ಕೇಳಿ ಬಂದ. ಅವರಮ್ಮ ಮೊಣಕಾಲೂರಿದ್ರು.” ದೀಪ್ತಿ ಸ್ವಲ್ಪ ನಕ್ಕಳು. ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು. “ನೀ ನೆಗಡಿ ಅಂದಿದ್ದೂ ಹೇಳಿದ್ರು. ‘ನಿಮ್ಮ ಮಮ್ಮಿಗೆ ಇನ್ನೂ ಅಂಜಿಕಿ ಐತಿ. ಆಕಿ ಹೆಸರೂ ಹಿಡಿಯಾಕತ್ತೀನಿ’ ಅಂದ್ರು. ನಿನಗ ಹೇಳಬ್ಯಾಡ ಅಂದ್ರು. ನೀ ನಾಚ್ಕೋತಿ ಅಂತ.”

ಸ್ನೇಹಲತಾ ಎದ್ದು ಅಡುಗೆಮನೆಗೆ ಹೋಗಿ, ಅಗತ್ಯವಿಲ್ಲದಿದ್ದರೂ ಒಲೆಯ ಮೇಲೆ ನೀರಿಟ್ಟಳು. ಯಾವ ಸುಳ್ಳು ತಿರುಗಿ ಬರುತ್ತದೋ ಎಂದು ಅವಳು ಕಾಯುತ್ತಿದ್ದ ಬಾಯಿ ಪ್ರಾರ್ಥನೆಯಲ್ಲಿ ಅವಳ ಹೆಸರನ್ನೇ ಹಿಡಿಯುತ್ತಿತ್ತು.

ಮರುದಿನ ಕೂಟದಲ್ಲಿ ವಾಕ್ಯ ಓದುವ ಮೊದಲೇ, “ಇಳಿಸ್ರಿ, ಮೂರೂ ಇಳಿಸ್ರಿ” ಎಂದಳು. ರೂತಮ್ಮ, ಸುವಾರ್ತಾ ಇಬ್ಬರೂ ಒಟ್ಟಿಗೆ “ಮೂರು?” ಎಂದರು. ಒಬ್ಬೊಬ್ಬರಿಗೂ ತಾನು ಹೊತ್ತದ್ದು ಒಂದು ಮಾತ್ರ ಗೊತ್ತಿತ್ತು. ಅಕ್ಕೋರು ಹೇಳಬೇಕಾದವಳೇ ಹೇಳಲಿ ಎಂದು ಕೈಕಟ್ಟಿ ಕೂತರು.

ಹೇಳಿ ಮುಗಿದಾಗ ರೂತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಗಲ್ಲಿಯ ತಿರುವಿನಲ್ಲಿ ಅವಳು ಮಾತಾಡುತ್ತಿದ್ದವನು ಮನೆ ತೋರಿಸುವ ದಲ್ಲಾಳಿ. ಸ್ನೇಹಲತಾಳ ಹೆಸರು ಹೇಳದೆ, ನನಗೇ ಬೇಕು ಎಂದು ಎರಡು ಕೋಣೆಯ ಮನೆ ಹುಡುಕಿಸಿ, ಬೇರೆಯವರಿಗೆ ಕೊಡಬೇಡಿ ಎಂದು ಮಾಲಕಿಯ ಕೈಹಿಡಿದು ಕೇಳಿಕೊಂಡು ಬಂದಿದ್ದಳು. “ಈಗ ಆಕಿಗೆ ಏನಂತ ಹೇಳ್ಲಿ ಸ್ನೇಹಕ್ಕಾ? ನನ್ನ ಗಂಡಗ ಗೊತ್ತಾದ್ರ, ನೀ ಮನಿ ಬಿಟ್ಟು ಹೊಂಟಿದ್ದೇನು ಅಂತಾನ” ಎಂದಳು. ನಗಬೇಕೋ ಅಳಬೇಕೋ ಅವಳಿಗೇ ತಿಳಿಯಲಿಲ್ಲ.

ಸುವಾರ್ತಾ ನಗಲಿಲ್ಲ. ಅವಳು ಫೋನು ಬಿಟ್ಟದ್ದು, ಮಣಿಕೊಂಡದ ದಾರಿ ಬಿಟ್ಟದ್ದು, ತನ್ನ ಚುರುಕು ನಾಲಿಗೆಯನ್ನು ತಾನೇ ನಂಬದೆ. ಮಾತಿನ ಭರದಲ್ಲಿ ಒಳಭಾರ ಜಾರಿಬಿಟ್ಟೀತೆಂದು ತಮ್ಮನ ಮಗನ ಹುಟ್ಟುಹಬ್ಬದ ಕೇಕನ್ನೂ ತಿಂದಿರಲಿಲ್ಲ.

“ನಾವೇನು ನಿನ್ನ ಲ್ಯಾಬಿನ ಮಷೀನೇನು, ಸುಳ್ಳು ಹಾಕಿ ನೋಡಾಕ?” ಎಂದು ಎದ್ದಳು. ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಹೋದಳು. ಯಾರೂ ತಡೆಯಲಿಲ್ಲ.

ಸ್ನೇಹಲತಾ ಕೂತಲ್ಲಿಂದಲೇ ಮಾತಾಡಿದಳು. ತನಗೊಂದು ಭಾರ ಇದೆ, ಈ ಸಲ ಖರೆಯದು ಎಂದಳು. ಮುಂದಿನ ಭಾನುವಾರ ಮಗಳ ನಿಶ್ಚಿತಾರ್ಥ, ಅದನ್ನು ಹೊರಬೇಕು. ಅದರ ಜೊತೆ ಇನ್ನೊಂದು. ಅನುಮಾನ ತನ್ನನ್ನು ಬಿಡುತ್ತಿಲ್ಲ. ನಿನ್ನೆ ಅಕ್ಕೋರು ಬೆವರುತ್ತ ಕೂತಾಗಲೂ ನಾಟಕವೇ ಎಂದು ಯೋಚಿಸಿದೆ. ದೀಪ್ತಿಯೇ ಹೇಳಿದ್ದೆಂದು ತಿಳಿದ ಮೇಲೂ, ಹೋದ ವರ್ಷ ಜಹೀರಾಬಾದಿನವರಿಗೆ ಹೇಳಿದವರು ಯಾರೆಂಬುದು ಇನ್ನೂ ಕೊರೆಯುತ್ತಿದೆ. ಅದು ಇನ್ನು ಮುಂದೆಯೂ ಗೊತ್ತಾಗಲಿಕ್ಕಿಲ್ಲ. ಈ ಮನಸ್ಸು ಹೊತ್ತುಕೊಂಡು ಒಬ್ಬಳೇ ಮೊಣಕಾಲೂರಿದರೆ ಪ್ರಾರ್ಥನೆಯೇ ಹೊರಡುವುದಿಲ್ಲ. ನೀವು ಹೊತ್ತರೆ ಹೊರಟೀತು.

ಅಕ್ಕೋರು “ನಾ ಹೊತ್ತೆ” ಎಂದರು. ತುಸು ತಡೆದು ರೂತಮ್ಮನೂ ಅಂದಳು. ಶುಕ್ರವಾರದ ಉಪವಾಸ ಮಾತ್ರ ಅಕ್ಕೋರಿಗೆ ಇನ್ನು ಮೇಲೆ ಇಲ್ಲವೆಂದು ಸ್ನೇಹಲತಾ ಕಟ್ಟುನಿಟ್ಟಾಗಿ ಹೇಳಿದಳು. ಅಕ್ಕೋರು ಗೊಣಗಿದರು, ಒಪ್ಪಿದರು.

ನಿಶ್ಚಿತಾರ್ಥ ಆಯಿತು. ಅದೇ ವರ್ಷ ಮದುವೆಯೂ ಆಯಿತು. ದೀಪ್ತಿ ಈಗ ಮಣಿಕೊಂಡದಲ್ಲಿದ್ದಾಳೆ. ನೆಗಡಿಯ ವಿಷಯವನ್ನು ವಿಮಲಾಬಾಯಿ ಒಮ್ಮೆಯೂ ಎತ್ತಲಿಲ್ಲ. ಕಡೆಗೆ ಸ್ನೇಹಲತಾಳೇ ಎತ್ತಿದಳು, ಮದುವೆಯ ಮುನ್ನಾದಿನ, ಹೂವು ಕಟ್ಟುತ್ತ. ವಿಮಲಾಬಾಯಿ, “ಗೊತ್ತಿತ್ತು ಬಿಡ್ರಿ” ಎಂದು ದಾರದ ಇನ್ನೊಂದು ತುದಿ ಹಿಡಿದುಕೊಂಡರು.

ಲ್ಯಾಬಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಈಚೆಗೆ ಆ ಕೂಟಕ್ಕೆ ಸೇರಿದ್ದಾಳೆ. ನಿಮ್ಮಲ್ಲಿ ಇಷ್ಟು ನಂಬಿಕೆ ಹೇಗೆ ಎಂದು ಅವಳು ಕೇಳಿದಾಗ ಈ ಕತೆ ಹೇಳಿದವಳು ಸುವಾರ್ತಾ. ಎದ್ದು ಬಾಗಿಲಿಗೆ ಹೋದ ಆ ದಿನ ಸುವಾರ್ತಾ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದಳಂತೆ, ಇನ್ನೊಂದು ಕಾಲು ಹೊಸ್ತಿಲ ಒಳಗೇ ಇತ್ತಂತೆ. ಹೋಗುವ ಮೊದಲು ಒಂದು ಮಾತು ಕೇಳಿಬಿಡೋಣವೆಂದು ತಿರುಗಿ, “ಈಗರ ನಮ್ಮ ಮ್ಯಾಲೆ ನಂಬಿಕಿ ಬಂತೇನು?” ಎಂದಳಂತೆ. ಸ್ನೇಹಲತಾ ಅಕ್ಕೋರ ಮುಖ ನೋಡಿದಳು, ರೂತಮ್ಮನ ಮುಖ ನೋಡಿದಳು, ನೆಲ ನೋಡಿದಳು. ಪೂರಾ ಬಂತು ಎಂದು ಹೇಳಿದ್ದರೆ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೋಗಿಬಿಡುತ್ತಿದ್ದೆ, ತಿರುಗಿ ಬರುತ್ತಿರಲಿಲ್ಲ ಎಂದು ಸುವಾರ್ತಾ ಈಗಲೂ ಹೇಳುತ್ತಾಳೆ. ಮೆಟ್ಟಿದ್ದನ್ನೂ ಕಳಚಿ ಒಳಗೆ ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿದ್ದು, ಸ್ನೇಹಲತಾ ತಲೆ ಎತ್ತಿ ಹೇಳಿದ ಉತ್ತರ ಕೇಳಿ.

“ನೂರಕ್ಕ ಅರವತ್ತೈದು.”